ಚಿಪ್ ಉದ್ಯಮ ಮತ್ತು ನಮ್ಮ ಮೂರು ತಾಲ್ಲೂಕುಗಳು

ಕಳೆದ ಬೇಸಿಗೆಯಲ್ಲಿ ಬೀಗರ ಮನೆಯ ಕಾರ್ಯವೊಂದರ ನಿಮಿತ್ತ ಮಸ್ಕಿಗೆ ಹೋಗಬೇಕಾಯಿತು. ಕಾರ್ಯ ಮುಗಿದು, ಪ್ರಸಾದ ಸ್ವೀಕರಿಸಿ ಪಡಸಾಲೆಯಲ್ಲಿ ಕುಳಿತಿದ್ದಾಗ ಸಿಂಧನೂರು ಕಡೆಯ ರೈತರೊಬ್ಬರು ತಮ್ಮ ಮಗಳೊಡನೆ ಬಂದು ಎದುರಿಗೆ ಕುಳಿತರು. ಹುಡುಗಿ ಪಿ.ಯು.ಸಿ. ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದಿದ್ದಳು; ಸಿ.ಇ.ಟಿ. ಬರೆದು ಫಲಿತಾಂಶಕ್ಕಾಗಿ ಕಾಯುತ್ತಿದ್ದಳು.

“ಕಾಕಾ, ಎಲೆಕ್ಟ್ರಾನಿಕ್ಸ್ ತಗೊಳ್ಳಲೋ, ಕಂಪ್ಯೂಟರ್ ತಗೊಳ್ಳಲೋ? ನಮ್ಮ ದೇಶದಾಗ ಚಿಪ್ ಫ್ಯಾಕ್ಟರಿ ಬರಾಕತ್ತಾವಂತ. ಖರೆ ಏನ್ರಿ?” ಎಂದು ಕೇಳಿದಳು.

ತಂದೆಯ ಪ್ರಶ್ನೆ ಬೇರೆಯದಾಗಿತ್ತು. ಹಿರಿಯ ಮಗ ಇಂಜಿನಿಯರಿಂಗ್ ಮುಗಿಸಿ ಒಂದು ವರ್ಷದಿಂದ ಮನೆಯಲ್ಲಿದ್ದಾನೆ. “ಬೆಂಗಳೂರಾಗ ಚಿಪ್ ಕೋರ್ಸ್ ಅಂತ್ರಿ. ಮುಗಿಸಿದರ ನೌಕರಿ ಗ್ಯಾರಂಟಿ ಅಂತಾರ. ಫೀ ಕಟ್ಟಾಕ ಎರಡೆಕರೆ ಗದ್ದಿ ಒತ್ತಿ ಹಾಕಬೇಕಾಗ್ತದ. ಹಾಕಲೋ ಬ್ಯಾಡೋ, ನೀವ ಹೇಳ್ರಿ” ಎಂದರು.

ಕೂಡಲೇ ಉತ್ತರ ಹೇಳುವ ಧೈರ್ಯ ನನಗಾಗಲಿಲ್ಲ. ಎರಡೆಕರೆ ನೀರಾವರಿ ಗದ್ದೆ ಎಂದರೆ ಒಂದು ಮನೆಯ ವರ್ಷದ ಅನ್ನ. ಊರಿಗೆ ಮರಳಿದ ಮೇಲೆ ಈ ವಿಷಯವಾಗಿ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಇಂತಹ ಪ್ರಶ್ನೆ ಇಂದು ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಎದ್ದಿರುವುದರಿಂದ ಇದು ಆ ಒಂದು ಕುಟುಂಬಕ್ಕಷ್ಟೇ ಸಂಬಂಧಿಸಿದ ವಿಷಯವಲ್ಲ.

ಕಲ್ಲಿನೊಳಗಿನ ಕಥೆ

ಮಸ್ಕಿಯ ಹೆಸರು ಜಗತ್ತಿಗೆ ಪರಿಚಿತವಾದದ್ದು 1915ರಲ್ಲಿ. ಚಿನ್ನದ ಗಣಿ ಶೋಧನೆಗೆ ಬಂದಿದ್ದ ಬೀಡನ್ ಎಂಬ ಇಂಜಿನಿಯರರು ಅಲ್ಲಿಯ ಬೆಟ್ಟದಲ್ಲಿ ಶಾಸನವೊಂದನ್ನು ಕಂಡರು. ‘ದೇವಾನಾಂಪ್ರಿಯ’ನೆಂದು ಶಾಸನಗಳಲ್ಲಿ ಕರೆದುಕೊಂಡ ಅರಸನು ಅಶೋಕನೇ ಎಂಬುದು ಆ ಶಾಸನದಲ್ಲಿದ್ದ ಹೆಸರಿನಿಂದ ದೃಢಪಟ್ಟಿತು. ಇದು ಶಾಲಾ ಮಕ್ಕಳಿಗೂ ತಿಳಿದ ಸಂಗತಿ. ಆದರೆ 1954ರಲ್ಲಿ ಅಲ್ಲಿ ನಡೆದ ಉತ್ಖನನದಲ್ಲಿ ದೊರೆತ ಮಣಿಗಳ ವಿಷಯ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅಗೇಟ್, ಕಾರ್ನೀಲಿಯನ್, ಸ್ಫಟಿಕ ಮುಂತಾದ ಕಲ್ಲುಗಳನ್ನು ತಿದ್ದಿ, ನುಣುಪುಗೊಳಿಸಿ, ನಡುವೆ ದಾರ ಹೋಗುವಷ್ಟು ಸಣ್ಣ ರಂಧ್ರ ಕೊರೆದ ಮಣಿಗಳವು. ಈ ಮೂರೂ ಕಲ್ಲುಗಳು ರಾಸಾಯನಿಕವಾಗಿ ಒಂದೇ ವಸ್ತು, ಸಿಲಿಕಾ. ಇಂದಿನ ಚಿಪ್ ಹುಟ್ಟುವುದೂ ಈ ಸಿಲಿಕಾದಿಂದಲೇ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯದೂ ಇದೇ ಕಥೆ. ಅಲ್ಲಿಯ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿ ಅಡಗಿರುತ್ತದೆ. ಒಂದು ಟನ್ ಅದಿರನ್ನು ಪುಡಿಗೈದರೆ ಕೈಗೆ ಬರುವ ಚಿನ್ನ ಕೆಲವೇ ಗ್ರಾಂ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿ ಎಂದೊಡನೆ ಹಟ್ಟಿಯ ಹೆಸರೇ ಬಾಯಿಗೆ ಬರುತ್ತದೆ. ಚಿಪ್‌ನೊಳಗಿನ ಸೂಕ್ಷ್ಮ ಜಾಲವನ್ನು ಹೊರಗಿನ ಲೋಹದ ಕಾಲುಗಳಿಗೆ ಜೋಡಿಸಲು ದಶಕಗಳ ಕಾಲ ಬಳಸಿದ್ದು ಶೇಕಡಾ 99.99ರಷ್ಟು ಶುದ್ಧವಾದ ಚಿನ್ನದ ಎಳೆಯನ್ನು. ಅದರ ದಪ್ಪ ನಮ್ಮ ತಲೆಗೂದಲಿನ ಮೂರನೆಯ ಒಂದು ಪಾಲು ಇರಬಹುದು, ಅಷ್ಟೆ. ಈಚೆಗೆ ಬೆಲೆಯ ಕಾರಣದಿಂದ ಬಹಳಷ್ಟು ಕಡೆ ತಾಮ್ರ ಅದರ ಸ್ಥಾನವನ್ನು ಪಡೆದಿದೆಯಾದರೂ ಚಿನ್ನ ಪೂರ್ತಿಯಾಗಿ ಹೋಗಿಲ್ಲ.

ಇಷ್ಟರಿಂದಲೇ ‘ನಮ್ಮ ನೆಲದಲ್ಲಿ ಚಿನ್ನವೂ ಇದೆ, ಬೆಣಚೂ ಇದೆ, ಚಿಪ್ ಕಾರ್ಖಾನೆ ಇಲ್ಲೇ ಆಗಬೇಕು’ ಎಂದು ಸಭೆಗಳಲ್ಲಿ ಭಾಷಣ ಮಾಡುವವರನ್ನು ಕಂಡಿದ್ದೇನೆ. ಇದು ಸರಿಯಾದ ತರ್ಕವಲ್ಲ. ಕಲ್ಲಿನ ಬೆಲೆ ಕಲ್ಲಿನಲ್ಲಿಲ್ಲ. ಬೆಣಚನ್ನು ವಿದ್ಯುತ್ ಕುಲುಮೆಯಲ್ಲಿ ಇದ್ದಿಲಿನೊಡನೆ ಕಾಯಿಸಿದರೆ ಶೇಕಡಾ 98-99ರಷ್ಟು ಶುದ್ಧವಾದ ಸಿಲಿಕಾನ್ ದೊರೆಯುತ್ತದೆ. ಚಿಪ್‌ಗೆ ಅದು ಸಾಲದು. ಅದನ್ನು ಅನಿಲರೂಪಕ್ಕೆ ತಂದು, ಬಟ್ಟಿ ಇಳಿಸಿ, ನೂರು ಕೋಟಿ ಕಣಗಳಲ್ಲಿ ಒಂದೋ ಎರಡೋ ಅನ್ಯವಸ್ತು ಉಳಿಯುವಷ್ಟು ಶುದ್ಧಗೊಳಿಸಬೇಕು. ಅನಂತರ ಕರಗಿಸಿ, ಒಂದೇ ಹರಳಾಗಿ ಮೇಲಕ್ಕೆ ಎಳೆದು, ರೊಟ್ಟಿಗಿಂತಲೂ ತೆಳ್ಳಗಿನ ಬಿಲ್ಲೆಗಳನ್ನಾಗಿ ಕೊಯ್ಯಬೇಕು. ಆ ಬಿಲ್ಲೆಯ ಮೇಲೆ ಬೆಳಕಿನಿಂದ ನಕ್ಷೆ ಮೂಡಿಸುವುದು, ಕೊರೆಯುವುದು, ಲೋಹ ಲೇಪಿಸುವುದು. ಇದನ್ನೇ ಮತ್ತೆ ಮತ್ತೆ ಮಾಡುತ್ತ ಒಂದು ಬಿಲ್ಲೆ ಸಿದ್ಧವಾಗಲು ಎರಡು ಮೂರು ತಿಂಗಳು ಹಿಡಿಯುತ್ತದೆ. ನಡುವೆ ಒಂದು ಧೂಳಿನ ಕಣ ಬಿದ್ದರೂ ಆ ಚಿಪ್ ಕೆಟ್ಟಂತೆ. ಒಂದು ಕ್ಷಣ ವಿದ್ಯುತ್ ತಗ್ಗಿದರೆ ಸಾಲುಗಟ್ಟಿದ ಬಿಲ್ಲೆಗಳು ಹಾಳಾಗಬಹುದು.

ಹೀಗೆ ಮೂರು ಬೇರೆ ಬೇರೆ ಕೆಲಸಗಳಿವೆ: ನಕ್ಷೆ ರಚಿಸುವುದು, ಬಿಲ್ಲೆಯ ಮೇಲೆ ಚಿಪ್ ತಯಾರಿಸುವುದು, ಕೊನೆಗೆ ಅದನ್ನು ಕತ್ತರಿಸಿ ಎಳೆ ಜೋಡಿಸಿ ಕವಚ ತೊಡಿಸಿ ಪರೀಕ್ಷಿಸುವುದು. ಇವುಗಳ ಭೇದವನ್ನು ಅರಿಯದೆ ಮಕ್ಕಳಿಗೆ ಬುದ್ಧಿ ಹೇಳಲು ಬರುವುದಿಲ್ಲ.

ತಪ್ಪಿಹೋದ ವರ್ಷಗಳು

ನಮ್ಮ ದೇಶ ಈ ವಿದ್ಯೆಗೆ ಹೊಸತಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರ್‌ನಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಜಾಕ್ ಕಿಲ್ಬಿ ಅನೇಕ ಬಿಡಿಭಾಗಗಳನ್ನು ಒಂದೇ ತುಣುಕಿನಲ್ಲಿ ರಚಿಸಿ ತೋರಿಸಿದ್ದು 1958ರಲ್ಲಿ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿಯೇ ಟ್ರಾನ್ಸಿಸ್ಟರ್‌ಗಳನ್ನು ತಯಾರಿಸುತ್ತಿತ್ತು. ಅಂದು ಮನೆ ಮನೆಯಲ್ಲಿ ಧಾರವಾಡ ಆಕಾಶವಾಣಿಯನ್ನು ಕೇಳಿಸಿದ ರೇಡಿಯೋಗಳನ್ನು ಹಿರಿಯರು ನೆನಪಿಸಿಕೊಳ್ಳಬಹುದು.

1976ರಲ್ಲಿ ಕೇಂದ್ರ ಸರಕಾರವು ಚಿಪ್ ತಯಾರಿಕೆಗೆಂದೇ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಎಂಬ ಸಂಸ್ಥೆಗೆ ಒಪ್ಪಿಗೆ ನೀಡಿತು. ಅದೇ 1976ರಲ್ಲಿಯೇ ತೈವಾನ್ ದೇಶವು ಅಮೆರಿಕದ ಆರ್.ಸಿ.ಎ. ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡು ತನ್ನ ತರುಣ ಇಂಜಿನಿಯರರನ್ನು ಕಲಿಯಲು ಕಳುಹಿಸಿತು. ಇಬ್ಬರೂ ಒಂದೇ ವರ್ಷ ಹೊರಟವರು. ನಮ್ಮ ಕಾರ್ಖಾನೆ ಪಂಜಾಬಿನ ಮೊಹಾಲಿಯಲ್ಲಿ ತಲೆಯೆತ್ತಿ 1984ರಲ್ಲಿ ಉತ್ಪಾದನೆ ಆರಂಭಿಸಿತು. 1989ರ ಫೆಬ್ರುವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ಮತ್ತೆ ಎದ್ದು ನಿಲ್ಲಲು ವರ್ಷಗಳೇ ಬೇಕಾದವು. ಅಷ್ಟರೊಳಗೆ ತೈವಾನ್ 1987ರಲ್ಲಿ ಟಿ.ಎಸ್.ಎಂ.ಸಿ. ಕಂಪೆನಿಯನ್ನು ಸ್ಥಾಪಿಸಿ, ಬೇರೆಯವರ ನಕ್ಷೆಗೆ ಚಿಪ್ ತಯಾರಿಸಿಕೊಡುವ ಹೊಸ ಬಗೆಯ ವ್ಯಾಪಾರವನ್ನೇ ಕಟ್ಟಿತ್ತು. ಇಂದು ಜಗತ್ತಿನ ಅತ್ಯಾಧುನಿಕ ಚಿಪ್‌ಗಳ ಬಹುಪಾಲು ಆ ಪುಟ್ಟ ದ್ವೀಪದಿಂದ ಬರುತ್ತದೆ.

ಬೆಂಕಿಯೊಂದನ್ನೇ ದೂರಿದರೆ ಸಾಲದೆಂದು ನನ್ನ ಅಭಿಪ್ರಾಯ. ಈ ಉದ್ಯಮದಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಯಂತ್ರಗಳನ್ನು ಬದಲಿಸುತ್ತ, ಲಾಭ ಬರುವ ಮುನ್ನವೇ ಮತ್ತೆ ಹಣ ಹೂಡುತ್ತ ಹೋಗಬೇಕು. ನಾವು ಒಮ್ಮೆ ಕಟ್ಟಿ ಕೈಬಿಟ್ಟೆವು. ಮೊಹಾಲಿಯ ಆ ಕಾರ್ಖಾನೆ 2006ರಿಂದ ಬಾಹ್ಯಾಕಾಶ ಇಲಾಖೆಯ ಆಶ್ರಯದಲ್ಲಿದ್ದು ರಾಕೆಟ್ಟು, ಉಪಗ್ರಹಗಳಿಗೆ ಬೇಕಾದುದನ್ನು ತಯಾರಿಸಿಕೊಡುತ್ತ ಬದುಕಿಕೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಪ್ರಧಾನ ಮಂತ್ರಿಗಳಿಗೆ ಅರ್ಪಿಸಲಾದ ‘ವಿಕ್ರಮ್’ ಎಂಬ 32 ಬಿಟ್ ಸಂಸ್ಕಾರಕ ರೂಪುಗೊಂಡದ್ದು ಅಲ್ಲಿಯೇ. ರಾಕೆಟ್ಟಿನ ಕಂಪನವನ್ನೂ ತಾಪವನ್ನೂ ತಾಳಿಕೊಳ್ಳುವ ಆ ಚಿಪ್ 180 ನ್ಯಾನೋಮೀಟರ್ ತಂತ್ರದ್ದು. ಮೊಬೈಲ್ ಫೋನಿನ ಚಿಪ್‌ಗಳಿಗೆ ಹೋಲಿಸಿದರೆ ಹಳೆಯ ತಂತ್ರ. ಆದರೂ ನಮ್ಮದು.

ಎತ್ತಿನ ಗಾಡಿಯಲ್ಲಿ ಬಂದ ಆಂಟೆನಾ

ಕಾರ್ಖಾನೆಯ ದಾರಿ ಹೀಗೆ ಮುಗ್ಗರಿಸುತ್ತಿದ್ದ ಕಾಲದಲ್ಲಿಯೇ ಬೆಂಗಳೂರಿನಲ್ಲಿ ಮತ್ತೊಂದು ದಾರಿ ತೆರೆಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ಆರಂಭಿಸಿತು. ಅಮೆರಿಕಕ್ಕೆ ನಕ್ಷೆಗಳನ್ನು ಕಳುಹಿಸಲು ಉಪಗ್ರಹ ಸಂಪರ್ಕ ಬೇಕಾಗಿತ್ತು. ಅದರ ದೊಡ್ಡ ಆಂಟೆನಾ ಕಚೇರಿಗೆ ಎತ್ತಿನ ಗಾಡಿಯಲ್ಲಿ ಬಂದಿತೆಂಬ ಮಾತು ಆ ಉದ್ಯಮದವರಲ್ಲಿ ಇಂದಿಗೂ ಪ್ರಚಲಿತ. ಮುಂದೆ ಅನಲಾಗ್ ಡಿವೈಸಸ್, ಇಂಟೆಲ್ ಮೊದಲಾದ ದೊಡ್ಡ ಕಂಪೆನಿಗಳು ಬಂದವು. ಜಗತ್ತಿನ ಚಿಪ್ ವಿನ್ಯಾಸಕಾರರಲ್ಲಿ ಐದನೆಯ ಒಂದು ಪಾಲು ಭಾರತೀಯರು ಎಂದು ಸರಕಾರವೇ ಹೇಳುತ್ತದೆ. ಅವರಲ್ಲಿ ಬಹು ಮಂದಿ ಇರುವುದು ನಮ್ಮ ರಾಜಧಾನಿಯಲ್ಲಿ.

ವಿನ್ಯಾಸವೆಂದರೆ ಚಿತ್ರ ಬರೆಯುವುದಷ್ಟೇ ಅಲ್ಲ. ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳ ಸಂಬಂಧವನ್ನು ಗಣಕಯಂತ್ರದ ಭಾಷೆಯಲ್ಲಿ ಬರೆದು, ಅದು ಎಲ್ಲ ಸಂದರ್ಭಗಳಲ್ಲಿಯೂ ಸರಿಯಾಗಿ ನಡೆದುಕೊಳ್ಳುವುದೇ ಎಂದು ಮತ್ತೆ ಮತ್ತೆ ಪರೀಕ್ಷಿಸುವುದೇ ಅದರ ಹಿರಿಯ ಭಾಗ. ನಕ್ಷೆ ಬರೆಯುವವರಿಗಿಂತ ತಪ್ಪು ಹುಡುಕುವವರೇ ಹೆಚ್ಚು ಮಂದಿ ಬೇಕಾಗುತ್ತಾರೆ. ಇಳಕಲ್ಲಿನ ನೇಕಾರರು ಹಾಸು ಏರಿಸುವ ಮುನ್ನ ಎಳೆ ಎಣಿಸುವುದನ್ನು ನೋಡಿದವರಿಗೆ ಇದರ ಮರ್ಮ ತಿಳಿದೀತು: ಮಗ್ಗಕ್ಕೆ ಏರಿದ ಮೇಲೆ ಕಂಡ ತಪ್ಪಿಗೆ ತೆರಬೇಕಾದ ಬೆಲೆ ಬಹಳ. ಆಧುನಿಕ ಚಿಪ್ ಒಂದರ ನಕ್ಷೆಯಲ್ಲಿ ಉಳಿದ ಒಂದು ತಪ್ಪು ಕೋಟ್ಯಂತರ ರೂಪಾಯಿಗಳನ್ನು ನುಂಗುತ್ತದೆ.

ಒಂದು ಕೊರತೆ ಇಲ್ಲಿ ಎದ್ದು ಕಾಣುತ್ತದೆ. ಬೆಂಗಳೂರಿನಲ್ಲಿ ರಚಿತವಾಗುವ ನಕ್ಷೆಗಳಲ್ಲಿ ಹೆಚ್ಚಿನವುಗಳ ಒಡೆತನ ಪರದೇಶದ ಕಂಪೆನಿಗಳದು. ಸಿಂಧನೂರಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆವರು ಒಬ್ಬನದು, ಹೊಲ ಇನ್ನೊಬ್ಬನದು, ಅಕ್ಕಿಯ ಚೀಲದ ಮೇಲಿನ ಹೆಸರು ಮೂರನೆಯವನದು. ಕೂಲಿ ಚೆನ್ನಾಗಿಯೇ ಸಿಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಸುಗ್ಗಿ ಮಾತ್ರ ಬೇರೆಯವರ ಕಣಜ ಸೇರುತ್ತದೆ. ಈ ಸ್ಥಿತಿ ಬದಲಾಗಲೆಂದು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್, ಸಿಗ್ನಲ್‌ಚಿಪ್‌ನಂತಹ ಸ್ವದೇಶಿ ಸಂಸ್ಥೆಗಳು, ‘ಶಕ್ತಿ’ ಸಂಸ್ಕಾರಕವನ್ನು ರೂಪಿಸಿದ ಮದರಾಸಿನ ಐ.ಐ.ಟಿ. ಮಾಡಿರುವ ಪ್ರಯತ್ನಗಳು ಸ್ತುತ್ಯರ್ಹ. ಅವು ಇನ್ನೂ ಬೆರಳೆಣಿಕೆಯಷ್ಟು.

ಕಾರ್ಖಾನೆ ಎಲ್ಲಿ? ನೀರು ಎಲ್ಲಿ?

2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರವು 76,000 ಕೋಟಿ ರೂಪಾಯಿಗಳ ಸೆಮಿಕಂಡಕ್ಟರ್ ಯೋಜನೆಯನ್ನು ಪ್ರಕಟಿಸಿತು. 2023ರಲ್ಲಿ ಗುಜರಾತಿನ ಸಾನಂದದಲ್ಲಿ ಮೈಕ್ರಾನ್ ಕಂಪೆನಿಯ ಘಟಕಕ್ಕೆ ಒಪ್ಪಿಗೆಯಾಯಿತು. 2024ರ ಫೆಬ್ರುವರಿಯಲ್ಲಿ ಗುಜರಾತಿನ ಧೋಲೇರಾದಲ್ಲಿ 91,000 ಕೋಟಿ ರೂಪಾಯಿಗಳ ಟಾಟಾ ಕಾರ್ಖಾನೆಗೂ, ಅಸ್ಸಾಮಿನ ಜಾಗಿರೋಡ್‌ನಲ್ಲಿ 27,000 ಕೋಟಿಯ ಕವಚ-ಪರೀಕ್ಷೆಯ ಘಟಕಕ್ಕೂ ಅನುಮತಿ ದೊರೆಯಿತು. ಇವುಗಳಲ್ಲಿ ಬಿಲ್ಲೆಯ ಮೇಲೆ ಚಿಪ್ ತಯಾರಿಸುವುದು ಧೋಲೇರಾದ್ದು ಮಾತ್ರ. ಸಾನಂದ, ಜಾಗಿರೋಡ್‌ಗಳದು ಕೊನೆಯ ಹಂತದ ಕೆಲಸ. ಆಮೇಲೆ ಒಡಿಶಾ, ಆಂಧ್ರ, ಪಂಜಾಬ್‌ಗಳಿಗೂ ಪಾಲು ಹೋಯಿತು.

ಕರ್ನಾಟಕ? 2022ರ ಮೇ ತಿಂಗಳಲ್ಲಿ ಐ.ಎಸ್.ಎಂ.ಸಿ. ಎಂಬ ಸಂಸ್ಥೆ ಮೈಸೂರಿನ ಕೋಚನಹಳ್ಳಿಯಲ್ಲಿ 22,900 ಕೋಟಿ ರೂಪಾಯಿಗಳ ಕಾರ್ಖಾನೆ ಸ್ಥಾಪಿಸಲು ರಾಜ್ಯ ಸರಕಾರದೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಸುದ್ದಿ ಬಂತು. ಆ ಸಂಸ್ಥೆಗೆ ತಂತ್ರಜ್ಞಾನ ನೀಡಬೇಕಿದ್ದ ಇಸ್ರೇಲಿನ ಟವರ್ ಕಂಪೆನಿಯನ್ನು ಇಂಟೆಲ್ ಕೊಳ್ಳಲು ಹೊರಟದ್ದರಿಂದ ವಿಷಯ ಗೊಂದಲಕ್ಕೆ ಬಿದ್ದು, ಕಾರ್ಖಾನೆ ಕೈಗೂಡಲೇ ಇಲ್ಲ. ಮೈಸೂರಿನವರದೇ ಆದ ಕೇನ್ಸ್ ಕಂಪೆನಿ ಕೂಡ ತನ್ನ ಚಿಪ್ ಘಟಕವನ್ನು ಕಟ್ಟಿದ್ದು ಸಾನಂದದಲ್ಲಿ. ವಿನ್ಯಾಸದ ರಾಜಧಾನಿಯಿರುವ ನಾಡಿಗೆ ತಯಾರಿಕೆಯ ಪಾಲು ಬಾರದಿರುವುದು ನೋವಿನ ಸಂಗತಿಯೇ. ಆದರೆ ಕೆರೆ ಇಲ್ಲದ ಊರಿಗೆ ದೋಣಿ ಕೇಳಿದಂತೆ ಆಗಬಾರದೆಂಬುದೂ ನಿಜ.

ಚಿಪ್ ತಯಾರಿಕೆಗೆ ಪ್ರತಿ ಹಂತದಲ್ಲಿಯೂ ಬಿಲ್ಲೆಯನ್ನು ತೊಳೆಯಬೇಕು. ದೊಡ್ಡ ಕಾರ್ಖಾನೆಗೆ ದಿನಕ್ಕೆ ಕೋಟಿಗಟ್ಟಲೆ ಲೀಟರ್ ನೀರು ಬೇಕಾಗಬಹುದು. ಅದನ್ನು ಬಟ್ಟಿ ಇಳಿಸಿದ ನೀರಿಗಿಂತಲೂ ಶುದ್ಧಗೊಳಿಸಬೇಕು. ಒಂದಷ್ಟನ್ನು ಮರುಬಳಕೆ ಮಾಡುತ್ತಾರೆ, ಆದರೂ ಹೊಸ ನೀರು ಬೇಕೇ ಬೇಕು. 2021ರಲ್ಲಿ ತೈವಾನಿನಲ್ಲಿ ಭೀಕರ ಬರ ಬಂದಾಗ ಅಲ್ಲಿಯ ಸರಕಾರ ಸುಮಾರು 74,000 ಹೆಕ್ಟೇರ್ ಜಮೀನಿಗೆ ನೀರು ನಿಲ್ಲಿಸಿ, ಭತ್ತದ ರೈತರಿಗೆ ಪರಿಹಾರ ಕೊಟ್ಟು, ಚಿಪ್ ಕಾರ್ಖಾನೆಗಳನ್ನು ಉಳಿಸಿಕೊಂಡಿತು.

ಈ ಸುದ್ದಿಯನ್ನು ಸಿಂಧನೂರಿನ ಎಡದಂಡೆ ಕಾಲುವೆಯ ಮೇಲೆ ನಿಂತು ಓದಬೇಕು. 1953ರಲ್ಲಿ ಸಿದ್ಧವಾದ ತುಂಗಭದ್ರಾ ಜಲಾಶಯದಲ್ಲಿ ಅಂದು 133 ಟಿ.ಎಂ.ಸಿ. ನೀರು ನಿಲ್ಲುತ್ತಿತ್ತು, ಹೂಳು ತುಂಬಿ ಈಗ 105 ಟಿ.ಎಂ.ಸಿ.ಯ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆಯ ಕೊನೆಯಂಚಿನ ರೈತರು ಎಷ್ಟು ರಾತ್ರಿ ನಿದ್ದೆಗೆಟ್ಟರೆಂಬುದನ್ನು ಆ ಊರಿನವರೇ ಹೇಳಬಲ್ಲರು. ಎರಡನೆಯ ಬೆಳೆಗೆ ನೀರು ಸಿಗುವುದೋ ಇಲ್ಲವೋ ಎಂದು ವರ್ಷವರ್ಷವೂ ಲೆಕ್ಕ ಹಾಕುವ ನೆಲಕ್ಕೆ ಚಿಪ್ ತಯಾರಿಕೆಯ ಕಾರ್ಖಾನೆ ವರವಾಗುವುದೋ ಭಾರವಾಗುವುದೋ ಯೋಚಿಸಬೇಕು. ವಿದ್ಯುತ್ತಿಗೆ ಶಕ್ತಿನಗರವಿದೆಯಲ್ಲ ಎನ್ನಬಹುದು. 1985ರಿಂದ ಅಲ್ಲಿ ಕಲ್ಲಿದ್ದಲು ಉರಿಯುತ್ತಿದೆ, ಸ್ಥಾಪಿತ ಸಾಮರ್ಥ್ಯ 1,720 ಮೆಗಾವಾಟ್. ಅದರ ಬೆಳಕು ನಾಡಿಗೆಲ್ಲ ಹೋಗಿ ಬೂದಿ ನಮ್ಮಲ್ಲಿ ಉಳಿದ ಅನುಭವವನ್ನೂ ಮರೆಯಲಾಗದು.

ನನ್ನ ಮಟ್ಟಿಗೆ ಹೇಳುವುದಾದರೆ, ಈ ಮೂರು ತಾಲ್ಲೂಕುಗಳು ಕೇಳಬೇಕಾದದ್ದು ಕಾರ್ಖಾನೆಯನ್ನಲ್ಲ, ಕಲಿಕೆಯನ್ನು. ವಿನ್ಯಾಸದ ಕೆಲಸಕ್ಕೆ ನದಿ ಬೇಡ. ಬೇಕಾದದ್ದು ಗಣಕಯಂತ್ರ, ಅದರೊಳಗಿನ ದುಬಾರಿ ತಂತ್ರಾಂಶ ಮತ್ತು ಕಲಿಸಬಲ್ಲ ಗುರುಗಳು.

ಹುಡುಗಿಗೂ ತಂದೆಗೂ ಹೇಳಿದ್ದು

ತಿಂಗಳ ನಂತರ ಆ ಹುಡುಗಿಗೆ ದೂರವಾಣಿ ಮಾಡಿ ಹೇಳಿದೆ: ಗಣಿತ, ಭೌತಶಾಸ್ತ್ರಗಳಲ್ಲಿ ನಿನಗೆ ನಿಜವಾದ ಪ್ರೀತಿ ಇದ್ದರೆ ಎಲೆಕ್ಟ್ರಾನಿಕ್ಸ್ ತೆಗೆದುಕೋ. ಕಾರ್ಖಾನೆಯ ಸುದ್ದಿಯನ್ನು ನಂಬಿ ತೆಗೆದುಕೊಳ್ಳಬೇಡ. ನೀನು ಓದು ಮುಗಿಸುವುದು ನಾಲ್ಕು ವರ್ಷಗಳ ಮೇಲೆ. ಈ ಉದ್ಯಮದಲ್ಲಿ ನಾಲ್ಕು ವರ್ಷ ದೀರ್ಘಕಾಲ, ಅದು ಏರಿದಂತೆ ಇಳಿಯುವುದೂ ಉಂಟು. ಎಲೆಕ್ಟ್ರಾನಿಕ್ಸ್ ಓದಿದವರು ಬೇಕಾದರೆ ತಂತ್ರಾಂಶದ ಕೆಲಸಕ್ಕೂ ಹೋಗಬಲ್ಲರು. ಗಣಕ ವಿಜ್ಞಾನ ಓದಿದವರು ಚಿಪ್ ಪರಿಶೀಲನೆಗೆ ಬರುವುದೂ ಇದೆ, ಆದರೆ ಆ ದಾರಿ ಸ್ವಲ್ಪ ಕಡಿದು.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿರೆಂದು ಎಲ್ಲ ತಂದೆತಾಯಂದಿರಲ್ಲಿ ವಿನಂತಿ. ಒಂದೇ ಪ್ರಶ್ನೆ ಕೇಳಿರಿ: ‘ಇಲ್ಲಿ ವಿದ್ಯಾರ್ಥಿಗಳಿಗೆ ಚಿಪ್ ವಿನ್ಯಾಸದ ತಂತ್ರಾಂಶದ ಮೇಲೆ ಕುಳಿತು ಕೆಲಸ ಮಾಡಲು ಅವಕಾಶವಿದೆಯೇ?’ ಈ ತಂತ್ರಾಂಶಗಳ ಬೆಲೆ ಕಾಲೇಜುಗಳಿಗೆ ಎಟುಕುವಂತಹುದಲ್ಲ. ಆದುದರಿಂದ ಕೇಂದ್ರ ಸರಕಾರವು ‘ಚಿಪ್ಸ್ ಟು ಸ್ಟಾರ್ಟಪ್’ ಎಂಬ ಕಾರ್ಯಕ್ರಮದಡಿ ಬೆಂಗಳೂರಿನ ಸಿ-ಡ್ಯಾಕ್ ಸಂಸ್ಥೆಯ ಚಿಪ್-ಇನ್ ಕೇಂದ್ರದ ಮೂಲಕ ಆಯ್ದ ವಿದ್ಯಾಸಂಸ್ಥೆಗಳಿಗೆ ಇವನ್ನು ಒದಗಿಸುತ್ತಿದೆ. ನಮ್ಮ ಭಾಗದ ಕಾಲೇಜಿನ ಆಡಳಿತ ಮಂಡಳಿಗಳಲ್ಲಿ ಸಮಾಜದ ಹಿರಿಯರು ಅನೇಕರಿದ್ದಾರೆ. ಇಂತಹ ಕಾರ್ಯಕ್ರಮಕ್ಕೆ ತಮ್ಮ ಕಾಲೇಜು ಅರ್ಜಿ ಹಾಕಿದೆಯೇ ಎಂದು ಅವರು ಸಭೆಯಲ್ಲಿ ಒಮ್ಮೆ ಕೇಳಿದರೂ ಉಪಕಾರವಾದೀತು. ಭಾರತೀಯ ವಿಜ್ಞಾನ ಮಂದಿರದ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಧೂಳುರಹಿತ ಪ್ರಯೋಗಶಾಲೆಯಿದ್ದು, ಬೇರೆ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತರಬೇತಿ ನೀಡುವ ರಾಷ್ಟ್ರೀಯ ಕಾರ್ಯಕ್ರಮ 2008ರಿಂದ ನಡೆದುಬಂದಿದೆ. ಅಲ್ಲಿಗೆ ಒಮ್ಮೆ ಹೋಗಿ ಬಂದ ಉಪನ್ಯಾಸಕರು ಪುಸ್ತಕ ನೋಡಿ ಪಾಠ ಹೇಳುವ ರೀತಿಯೇ ಬದಲಾಗುತ್ತದೆ.

ರಾಯಚೂರಿನ ಪಾಲಿಗೆ 2019ರಲ್ಲಿ ಐ.ಐ.ಐ.ಟಿ. ಬಂದಿದೆ, ಯರಮರಸ್‌ನಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಸಂವಿಧಾನದ 371(ಜೆ) ವಿಧಿಯಂತೆ ನಮ್ಮ ಭಾಗದ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯದ ಇತರ ಕಡೆ ಶೇಕಡಾ 8ರಷ್ಟು ಸ್ಥಾನಗಳು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲು. ಅರ್ಹತಾ ಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳದೆ ಕೊನೆಯ ವಾರದಲ್ಲಿ ತಹಸೀಲ್ದಾರರ ಕಚೇರಿಗೆ ಓಡುವ ಪರಿಪಾಠವನ್ನು ನಮ್ಮವರು ಬಿಡಬೇಕು.

ಹತ್ತನೆಯ ತರಗತಿಯ ನಂತರ ಪಾಲಿಟೆಕ್ನಿಕ್ ಸೇರುವ ಮಕ್ಕಳನ್ನು ಕೀಳಾಗಿ ಕಾಣುವುದುಂಟು. ಕವಚ ತೊಡಿಸುವ, ಪರೀಕ್ಷಿಸುವ ಘಟಕಗಳಿಗೆ ಬೇಕಾದವರು ಮುಖ್ಯವಾಗಿ ಅವರೇ: ಯಂತ್ರ ನಡೆಸಬಲ್ಲವರು, ನಿರ್ವಾತ ಪಂಪು ರಿಪೇರಿ ಮಾಡಬಲ್ಲವರು, ಅನಿಲದ ಕೊಳವೆ ನೋಡಿಕೊಳ್ಳಬಲ್ಲವರು. ಚಿಪ್ ತಯಾರಿಕೆಗೆಂದೇ ಪ್ರತ್ಯೇಕ ಡಿಪ್ಲೊಮಾ ಪಠ್ಯಕ್ರಮವನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2023ರಲ್ಲಿ ಸಿದ್ಧಪಡಿಸಿದೆ. ಹಟ್ಟಿಯ ಗಣಿಯಲ್ಲಿ ಪಂಪು, ಮೋಟಾರು, ಗಾಳಿಯ ಒತ್ತಡಗಳೊಡನೆ ಬದುಕು ಸವೆಸಿದ ತಂದೆಯ ಮಗನಿಗೆ ಇಂತಹ ಕೆಲಸ ಅಪರಿಚಿತವಾಗಲಾರದು. ಸದ್ಯಕ್ಕೆ ಅವನು ಗುಜರಾತಿಗೋ ಅಸ್ಸಾಮಿಗೋ ಹೋಗಬೇಕಾದೀತು. ಗಂಗಾವತಿ ದಾಟಿ ಹೆಣ್ಣು ಕೊಡಲು ಹಿಂಜರಿಯುವ ನಮ್ಮ ಮನೆಗಳು ಇದನ್ನೂ ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ಆ ತಂದೆಯ ಗದ್ದೆಯ ಮಾತು. ‘ನೌಕರಿ ಗ್ಯಾರಂಟಿ’ ಎನ್ನುವ ಯಾವ ತರಬೇತಿ ಕೇಂದ್ರಕ್ಕೂ ಜಮೀನು ಒತ್ತೆಯಿಟ್ಟು ಹಣ ಕಟ್ಟಬೇಡಿರೆಂದು ಸ್ಪಷ್ಟವಾಗಿ ಹೇಳಿದೆ. ಒಳ್ಳೆಯ ತರಬೇತಿ ಕೇಂದ್ರಗಳು ಇಲ್ಲವೆಂದಲ್ಲ. ಆದರೆ ನೌಕರಿ ಕೊಡುವುದು ಕಂಪೆನಿ, ಕೇಂದ್ರವಲ್ಲ. ಕಳೆದ ವರ್ಷ ಕಲಿತ ಹತ್ತು ಮಂದಿಯ ಹೆಸರು ಕೇಳಿ, ಅವರೊಡನೆ ನೇರವಾಗಿ ಮಾತನಾಡಿ, ಶುಲ್ಕವನ್ನು ಕಂತಿನಲ್ಲಿ ತೆಗೆದುಕೊಳ್ಳುವರೇ ಎಂದು ವಿಚಾರಿಸಿ ಎಂದೆ. ಮಗನಿಗೆ ಡಿಜಿಟಲ್ ವಿನ್ಯಾಸದ ಮೂಲಪಾಠ ಎಷ್ಟು ಬರುತ್ತದೆಂದು ಅವನ ಹಳೆಯ ಉಪನ್ಯಾಸಕರಿಂದಲೇ ಪರೀಕ್ಷಿಸಿಕೊಳ್ಳಲು ತಿಳಿಸಿದೆ. ಐ.ಐ.ಟಿ. ಅಧ್ಯಾಪಕರ ಎನ್.ಪಿ.ಟಿ.ಇ.ಎಲ್. ಪಾಠಗಳು ಉಚಿತವಾಗಿ ದೊರೆಯುತ್ತವೆ; ಪರೀಕ್ಷೆಗಷ್ಟೇ ಅಲ್ಪ ಶುಲ್ಕ. ಆರು ತಿಂಗಳು ಮನೆಯಲ್ಲಿಯೇ ಕುಳಿತು ಅವನ್ನು ಮುಗಿಸಲಾರದವನು ಬೆಂಗಳೂರಿಗೆ ಹೋಗಿ ಲಕ್ಷಗಟ್ಟಲೆ ಕೊಟ್ಟರೂ ಮುಗಿಸುವುದು ಕಷ್ಟ.

ಆ ಹತ್ತು ಹೆಸರುಗಳನ್ನು ಕೇಂದ್ರದವರು ಕೊಡಲಿಲ್ಲವಂತೆ. ಗದ್ದೆ ಒತ್ತೆ ಬೀಳಲಿಲ್ಲ. ಮುಂಗಾರಿಗೆ ಅದರಲ್ಲಿ ಸೋನಾ ಮಸೂರಿ ನಾಟಿಯಾಗಿದೆ. ಮಗ ಬೆಳಿಗ್ಗೆ ಹೊಲಕ್ಕೆ ಹೋಗಿ, ಮಧ್ಯಾಹ್ನದ ಮೇಲೆ ಪಾಠ ಕೇಳುತ್ತಾನೆ. ಹುಡುಗಿಗೆ ರಾಯಚೂರಿನಲ್ಲಿಯೇ ಎಲೆಕ್ಟ್ರಾನಿಕ್ಸ್ ಸ್ಥಾನ ದೊರೆತಿದೆ. ಮೊನ್ನೆ ದೂರವಾಣಿ ಮಾಡಿ, “ಕಾಕಾ, ನಮ್ಮ ಕಾಲೇಜಿನಾಗ ಆ ಸಾಫ್ಟ್‌ವೇರ್ ಇಲ್ಲಂತ್ರಿ. ಅರ್ಜಿ ಹಾಕಾಕ ಯಾರಿಗೆ ಬರೀಬೇಕು?” ಎಂದು ಕೇಳಿದಳು. ವಿಭಾಗದ ಮುಖ್ಯಸ್ಥರ ಮೂಲಕ ಸಿ-ಡ್ಯಾಕ್‌ಗೆ ಬರೆಯಲು ತಿಳಿಸಿದ್ದೇನೆ. ಪತ್ರದ ಕರಡನ್ನು ಅವಳೇ ಬರೆದು ತೋರಿಸುತ್ತೇನೆಂದು ಹೇಳಿದ್ದಾಳೆ.